ಮೋಟಾರು ವಾಹನದ ಬಣ್ಣಕ್ಕೆ ರಕ್ಷಕ ಲೇಪ: ಗಲಗಲಿಯ ಪರಿಸರದಲ್ಲಿ ಒಂದು ವಿಚಾರ

ಕಾರಿನ ಬಣ್ಣವನ್ನು ಕಾಪಾಡಲು ಮೇಣವನ್ನು ಹಚ್ಚಬೇಕೋ ಕೃತಕ ಲೇಪವನ್ನು ಹಚ್ಚಬೇಕೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಅಂಗಡಿಕಾರನಿಗೂ ಗಿರಾಕಿಗೂ ಮಾತ್ರ ಸಂಬಂಧಿಸಿದುದೆಂದು ತೋರಬಹುದು. ವಾಸ್ತವವಾಗಿ ಇದು ರಸಾಯನಶಾಸ್ತ್ರದ ಪ್ರಶ್ನೆ. ಇದರ ಉತ್ತರವು ವಾಹನವಿರುವ ಊರಿನ ಮಣ್ಣು, ನೀರು, ಬಿಸಿಲುಗಳನ್ನು ಅವಲಂಬಿಸಿದೆ. ಆದುದರಿಂದ ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿರುವ ಗಲಗಲಿಯನ್ನು ಮುಂದಿಟ್ಟುಕೊಂಡು ನಾವು ಈ ವಿಷಯವನ್ನು ವಿವೇಚಿಸುವೆವು.

ಮೊದಲು ಬಣ್ಣದ ರಚನೆಯನ್ನು ತಿಳಿಯುವುದು ಅವಶ್ಯ. 1923ರ ಸುಮಾರಿಗೆ ಅಮೆರಿಕದಲ್ಲಿ ನೈಟ್ರೊಸೆಲ್ಯುಲೋಸ್ ಮೆರುಗುಬಣ್ಣವು ಬಳಕೆಗೆ ಬಂದಂದಿನಿಂದ ಬಹುಕಾಲದವರೆಗೆ ವರ್ಣದ್ರವ್ಯವುಳ್ಳ ಪದರವೇ ವಾಹನದ ಹೊರಮೈಯಾಗಿದ್ದಿತು. ಅದು ಬಿಸಿಲಿಗೆ ಪುಡಿಯೇಳುತ್ತಿತ್ತು. ಪುಡಿಯನ್ನು ತಿಕ್ಕಿ ತೆಗೆದು ಮೇಣವನ್ನು ಹಚ್ಚಿದರೆ ಗಾಡಿ ಪುನಃ ಹೊಸತಾಗಿ ಕಾಣುತ್ತಿತ್ತು. ಮೇಣಕ್ಕೆ ಇಂದಿಗೂ ಇರುವ ಕೀರ್ತಿಯಲ್ಲಿ ಬಹುಭಾಗ ಆ ಕಾಲದ್ದು. 1980ರ ದಶಕದಿಂದೀಚೆಗೆ ಹೆಚ್ಚಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಬೇರೊಂದು ಪದರವಿರುತ್ತದೆ. ಇದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನು, ಎಂದರೆ ತಲೆಗೂದಲಿಗಿಂತಲೂ ತೆಳು. ಅತಿನೇರಿಳೆ ಕಿರಣಗಳನ್ನು ಹೀರಿಕೊಳ್ಳುವ ದ್ರವ್ಯಗಳು ಇರುವುದು ಇದರಲ್ಲಿಯೇ. ನಾವು ಹಚ್ಚುವ ಮೇಣವಾದರೋ ಒಂದು ಮೈಕ್ರಾನಿಗಿಂತಲೂ ತೆಳುವಾಗಿ ನಿಲ್ಲುವುದರಿಂದ ಅದು ಬಿಸಿಲನ್ನು ತಡೆಯುವುದೆಂಬ ಮಾತಿಗೆ ಹೆಚ್ಚಿನ ಬೆಲೆ ಕೊಡಲಾಗದು. ಪಾರದರ್ಶಕ ಪದರವು ಸವೆದು ಸುಲಿಯತೊಡಗಿದರೆ ಯಾವ ಲೇಪದಿಂದಲೂ ಅದು ಮರಳಿ ಬಾರದು. ಆ ಭಾಗಕ್ಕೆ ಹೊಸದಾಗಿ ಬಣ್ಣ ಹೊಡೆಸುವುದೊಂದೇ ದಾರಿ. ಸಾಲ ಮಾಡಿ ಗಾಡಿ ಕೊಂಡ ಶಿಕ್ಷಕನಿಗಾಗಲಿ, ಬಾಡಿಗೆ ಓಡಿಸುವ ಚಾಲಕನಿಗಾಗಲಿ ಇದು ಸಣ್ಣ ವೆಚ್ಚವಲ್ಲ.

ಇನ್ನು ಪರಿಸರದ ಮಾತು. ಈ ಸೀಮೆಯದು ಎರೆಮಣ್ಣು. ಬೇಸಿಗೆಯಲ್ಲಿ ಇದರ ಧೂಳು ಎಲ್ಲೆಲ್ಲೂ ಕೂರುತ್ತದೆ. ಎರೆಯ ಜೇಡಿಕಣವು ಸ್ವತಃ ಮೃದುವಾದುದು. ಬಣ್ಣವನ್ನು ಗೀರುವುದು ಅದರೊಡನೆ ಬೆರೆತ ಮರಳಿನ ಕಣ. ಮೋಸ್ ಮಾನದಲ್ಲಿ ಬೆಣಚುಕಲ್ಲಿನ ಕಾಠಿನ್ಯ 7 ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಕಬ್ಬು ನುರಿಸುವ ತಿಂಗಳುಗಳಲ್ಲಿ ಜಮಖಂಡಿ, ಮುಧೋಳಗಳ ಸುತ್ತಿನಲ್ಲಿ ಹೊಲದ ರವದಿ ಸುಟ್ಟ ಕರಿಯೂ ಸಿಪ್ಪೆಯ ಬೂದಿಯೂ ಇದರೊಡನೆ ಸೇರುತ್ತವೆ. ಈ ಬೂದಿಯಲ್ಲಿ ಸಿಲಿಕವೇ ಅಧಿಕ. ಒಣಬಟ್ಟೆಯಿಂದ ಗಾಡಿಯನ್ನು ಒರೆಸುವ ಪದ್ಧತಿಯು ಈ ಕಾರಣದಿಂದ ಅತ್ಯಂತ ಹಾನಿಕರ. ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ಹೊಳಪು ತರುವವರೂ ಉಂಟು. ಆ ಹೊಳಪು ಎಣ್ಣೆಯದೇ ಹೊರತು ಬಣ್ಣದ್ದಲ್ಲ, ಮತ್ತು ಎಣ್ಣೆಯು ಮರುದಿನವೇ ಧೂಳನ್ನು ಹಿಡಿದುಕೊಳ್ಳುತ್ತದೆ.

ಆದರೆ ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ನಿರ್ಣಾಯಕವಾದುದು ಧೂಳಲ್ಲ, ನೀರು. ಲೋಕಾಪುರ, ಬಾಗಲಕೋಟೆಗಳ ಕಡೆಗೆ ಕಲಾದಗಿ ಶಿಲಾಸಮೂಹದ ಸುಣ್ಣಗಲ್ಲು ಹೇರಳವಾಗಿದೆ. ಈ ಸೀಮೆಯ ಕೊಳವೆಬಾವಿಗಳಲ್ಲಿ ಗಡಸು ನೀರು ಸಾಮಾನ್ಯ. ಲೀಟರಿಗೆ 600 ಮಿಲಿಗ್ರಾಂ ಲವಣವುಳ್ಳ ನೀರಿನಿಂದ ತೊಳೆದ ಗಾಡಿಯ ಮೇಲೆ ಕಾಲು ಲೀಟರು ಉಳಿದು ಆರಿತೆಂದು ಭಾವಿಸೋಣ: 150 ಮಿಲಿಗ್ರಾಂ ಲವಣವು ಬಣ್ಣದ ಮೇಲೆಯೇ ಉಳಿಯಿತು. ಇದರಲ್ಲಿ ಸುಣ್ಣದ ಕಾರ್ಬೊನೇಟು ತೆಳುವಾದ ವಿನೆಗರಿಗೆ ಕರಗೀತು. ಸಲ್ಫೇಟು, ಸಿಲಿಕೇಟುಗಳು ಅಷ್ಟು ಸುಲಭವಾಗಿ ಕರಗವು.

ಇಲ್ಲಿಯೇ ಜಾಹೀರಾತುಗಳ ಮುತ್ತಿನ ಹನಿಯನ್ನು ಪರೀಕ್ಷಿಸಬೇಕು. ಸ್ಪರ್ಶಕೋನವು 90 ಅಂಶವನ್ನು ಮೀರಿದಾಗ ನೀರು ಹರಡದೆ ಗುಂಡಾಗಿ ನಿಲ್ಲುತ್ತದೆ. ಗುಂಡಾಗಿ ನಿಂತ ಹನಿಯು ಉರುಳಿ ಹೋದರೆ ಲಾಭ. ಹೋಗದೆ ಬಿಸಿಲಿನಲ್ಲಿ ಆರಿದರೆ ಹನಿಯಲ್ಲಿನ ಲವಣವೆಲ್ಲ ಕಿರಿದಾದ ಉಂಗುರದಲ್ಲಿ ಸಾಂದ್ರವಾಗುತ್ತದೆ. ಹನಿ ಉರುಳುವುದು ಕೋನದ ಹಿರಿಮೆಯಿಂದಲ್ಲ, ಮುನ್ನಡೆಯುವ ಅಂಚಿನ ಕೋನಕ್ಕೂ ಹಿಂದೆಗೆಯುವ ಅಂಚಿನ ಕೋನಕ್ಕೂ ಇರುವ ಅಂತರದ ಕಿರಿಮೆಯಿಂದ. ಧೂಳು ಕೂತ ಮೈಯಲ್ಲಿ ಈ ಅಂತರವು ಹೆಚ್ಚುತ್ತದೆ.

ಈಗ ಲೇಪಗಳಿಗೆ ಬರೋಣ. ಚನ್ನಪಟ್ಟಣದ ಬೊಂಬೆಗಳಿಗೆ ಮೆರುಗು ಕೊಡುವ ನಮ್ಮ ಅರಗು ಇಲ್ಲಿ ಸಲ್ಲದು. ಅದು ಕಾಯ್ದ ಲೋಹದ ಮೇಲೆ ಮೆದುವಾಗುತ್ತದೆ, ನೀರು ನಿಂತಲ್ಲಿ ಬಿಳುಪೇರುತ್ತದೆ. ಜೇನುಮೇಣವು ಸುಮಾರು 63 ಅಂಶ ಸೆಂಟಿಗ್ರೇಡಿನಲ್ಲಿ ಕರಗುವುದು. ಬೇಸಿಗೆಯಲ್ಲಿ ಕಪ್ಪು ಗಾಡಿಯ ಮೈ 70 ಅಂಶವನ್ನು ಮುಟ್ಟಬಲ್ಲದು. ಬ್ರೆಜಿಲಿನ ತಾಳೆಯ ಎಲೆಗಳಿಂದ ದೊರೆಯುವ ಕಾರ್ನೂಬಾ ಮೇಣವು 82ರಿಂದ 86 ಅಂಶದವರೆಗೆ ತಾಳುವುದಾದರೂ ಡಬ್ಬಿಯಲ್ಲಿ ಅದು ಮೃದುವಾದ ಮೇಣ ಮತ್ತು ಎಣ್ಣೆಗಳೊಡನೆ ಬೆರೆತಿರುವುದರಿಂದ ಅಷ್ಟು ತಾಳಿಕೆಯನ್ನು ನಿರೀಕ್ಷಿಸಲಾಗದು. ಸಿಲಿಕೋನು ಅಥವಾ ಅಕ್ರಿಲಿಕ್ ಪಾಲಿಮರುಗಳ ಲೇಪವು ಮೈಗೆ ಗಟ್ಟಿಯಾಗಿ ಅಂಟಿಕೊಂಡು ಕೆಲವು ತಿಂಗಳು ಬಾಳುತ್ತದೆ. ಸಿರಾಮಿಕ್ ಎಂದು ಕರೆಯಲ್ಪಡುವ ಸಿಲಿಕದ ಲೇಪವು ವರ್ಷಗಟ್ಟಲೆ ನಿಲ್ಲಬಲ್ಲದು. ಬೆಲೆಯೂ ಅದಕ್ಕೆ ತಕ್ಕಂತೆ ದುಬಾರಿ. ಅದರ ಡಬ್ಬಿಯ ಮೇಲಿನ ‘9 ಎಚ್’ ಎಂಬುದು ಪೆನ್ಸಿಲ್ ಪರೀಕ್ಷೆಯ ಅಂಕ. ಮೋಸ್ ಮಾನದ 9 ಎಂದು ಭ್ರಮಿಸಿ ಮರಳಿಗೆ ಅದು ಜಗ್ಗದೆಂದು ತಿಳಿಯುವುದು ತಪ್ಪು. ಮೇಲಾಗಿ ಗಡಸು ನೀರಿನ ಉಂಗುರವು ಸಿರಾಮಿಕ್ ಲೇಪದ ಮೇಲೂ ಬಲವಾಗಿ ಅಂಟುತ್ತದೆ. ಅದನ್ನು ಅರೆದು ತೆಗೆಯಹೋದರೆ ಬೆಲೆಕೊಟ್ಟ ಲೇಪವೂ ಸವೆಯುತ್ತದೆ.

ಆದುದರಿಂದ ಗಲಗಲಿಯಂಥ ಊರಿನಲ್ಲಿ, ನೆರಳಿಲ್ಲದೆ ನಿಲ್ಲುವ, ಕೊಳವೆಬಾವಿಯ ನೀರಿನಿಂದ ತೊಳೆಯಲ್ಪಡುವ ವಾಹನಕ್ಕೆ ಮಧ್ಯಮ ಬೆಲೆಯ ಪಾಲಿಮರ್ ಲೇಪವೇ ಯೋಗ್ಯವೆಂದು ನಾವು ಭಾವಿಸುತ್ತೇವೆ. ಅದು ಕೆಟ್ಟರೆ ನಷ್ಟ ಅಲ್ಪ, ಮತ್ತೆ ಹಚ್ಚುವುದು ಸುಲಭ. ಸಿರಾಮಿಕ್ ಲೇಪವು ಗಾಡಿಗೆ ಮಾಡು ಇದ್ದು ಮೆದು ನೀರು ದೊರೆಯುವವರಿಗೆ ಸರಿ. ಯಾವುದನ್ನು ಹಚ್ಚಿದರೂ ಬೆಳಗಿನ ತಂಪಿನಲ್ಲಿ ಮೊದಲು ಬರಿಯ ನೀರು ಸುರಿದು ಮರಳನ್ನು ಕಳೆದು, ಅನಂತರ ಸೋಪಿನ ನೀರಿನಿಂದ ತೊಳೆದು, ಆರಗೊಡದೆ ಮೆತ್ತನೆಯ ಬಟ್ಟೆಯಿಂದ ನೀರನ್ನು ಹೀರಿಸಬೇಕು. ಹಕ್ಕಿಯ ಹಿಕ್ಕೆಯನ್ನು ಕೆರೆಯದೆ, ಒದ್ದೆಬಟ್ಟೆಯನ್ನು ಅದರ ಮೇಲಿಟ್ಟು ನೆನೆಸಿ ಅಂದೇ ತೆಗೆಯತಕ್ಕದ್ದು. ಅದರ ಆಮ್ಲವೂ ಕಿಣ್ವಗಳೂ ಕಾಯ್ದ ಪದರವನ್ನು ಬೇಗನೆ ತಿನ್ನುತ್ತವೆ. ತೊಳೆಯುವಾಗ ನೀರು ಹಾಳೆಯಂತೆ ಹರಡಿ ನಿಧಾನವಾಗಿ ಇಳಿಯತೊಡಗಿದರೆ ಒಮ್ಮೆ ಚೆನ್ನಾಗಿ ಸೋಪು ಹಾಕಿ ನೋಡಬೇಕು. ಆಗಲೂ ಹನಿಗಟ್ಟದಿದ್ದರೆ ಲೇಪವು ತೀರಿತೆಂದು ತಿಳಿದು ಪುನಃ ಹಚ್ಚಬಹುದು.