ನಿಲ್ಲಿಸಿ ಹೋದ ವಾಹನವೂ ನೆರೆಹೊರೆಯ ಆರೋಗ್ಯವೂ

ಓಡುವ ವಾಹನ ಸವೆಯುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ನಿಂತ ವಾಹನವೂ ಕೆಡುತ್ತದೆಂಬುದು ಬಹುಮಂದಿಗೆ ಮನವರಿಕೆಯಾದದ್ದು 2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್‌ಗೆ ಒಳಗಾದಾಗ. ವಾರಗಟ್ಟಲೆ ಅಲುಗಾಡದೆ ನಿಂತ ಕಾರುಗಳ ಬ್ಯಾಟರಿಗಳು ಸತ್ತವು. ತಂತಿಗಳು ಇಲಿಗಳಿಗೆ ಆಹಾರವಾದವು. ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೋ, ರಜೆಯಲ್ಲಿ ಊರಿಗೋ ಹೊರಡುವ ಅಂಬತ್ತೂರಿನ ಕನ್ನಡ ಕುಟುಂಬಗಳು ಮನೆಗೆ ಬೀಗ ಹಾಕುವಷ್ಟೇ ಎಚ್ಚರವನ್ನು ವಾಹನದ ವಿಷಯದಲ್ಲಿಯೂ ವಹಿಸುವುದು ಅವಶ್ಯಕ.

ಸೈಕಲ್ಲು ತಯಾರಿಸಿದ ಊರು ಅಂಬತ್ತೂರು. ಡನ್‌ಲಪ್ ಟೈರಿನ ಕಾರ್ಖಾನೆಯೂ ಒಂದು ಕಾಲದಲ್ಲಿ ಇಲ್ಲಿದ್ದಿತು. ವಾಹನದ ಕೆಲಸ ಬಲ್ಲವರಿಗೆ ಇಲ್ಲಿ ಬರವಿಲ್ಲ. ಆದರೆ ಇದು ಕೆರೆಗಳ ಊರೂ ಹೌದು. ಕನ್ನಡನಾಡಿನಿಂದ ಬಂದವರು ಮಳೆಗಾಲವೆಂದರೆ ಜೂನ್ ಎಂದೇ ಎಣಿಸುತ್ತಾರೆ. ಆ ಲೆಕ್ಕ ಇಲ್ಲಿ ನಡೆಯದು. ಇಲ್ಲಿಯ ದೊಡ್ಡ ಮಳೆ ಈಶಾನ್ಯ ಮಾರುತದ್ದು, ಅಕ್ಟೋಬರಿನಿಂದ ಡಿಸೆಂಬರಿನವರೆಗೆ. 2015ರ ಡಿಸೆಂಬರಿನಲ್ಲಿ ಚೆನ್ನೈ ನಗರವೇ ಮುಳುಗಿತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಅಂಬತ್ತೂರಿನ ಕೈಗಾರಿಕಾ ವಸಾಹತಿಗೂ ನೀರು ನುಗ್ಗಿತು. ಆದುದರಿಂದ ಈ ತಿಂಗಳುಗಳಲ್ಲಿ ಊರು ಬಿಡುವವರು ಮೊದಲು ನೋಡತಕ್ಕದ್ದು ನಿಲ್ಲಿಸುವ ಜಾಗದ ಎತ್ತರವನ್ನು. ತಗ್ಗಿನ ನೆಲಮಾಳಿಗೆಗಿಂತ ಎತ್ತರದ ಅಂಗಳವೇ ಲೇಸು, ಬಿಸಿಲು ಬಿದ್ದರೂ ಚಿಂತೆಯಿಲ್ಲ.

ಇನ್ನು ಯಂತ್ರದ ವಿಚಾರ. ಟೈರುಗಳಿಗೆ ಎಂದಿಗಿಂತ ನಾಲ್ಕೈದು ಪೌಂಡು ಹೆಚ್ಚು ಗಾಳಿ ತುಂಬಿಸಬೇಕು. ಟೈರಿನ ಮೇಲೆ ಅಚ್ಚಾದ ಗರಿಷ್ಠ ಮಿತಿಯನ್ನು ಮಾತ್ರ ಮೀರಬಾರದು. ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಚ್ಚಿ, ಮರಳಿ ಜೋಡಿಸುವಾಗ ಅದನ್ನೇ ಕಡೆಗೆ ಜೋಡಿಸಬೇಕು. ಕೈಬ್ರೇಕನ್ನು ಎಳೆದು ಹೋದರೆ ತೇವದಲ್ಲಿ ಅದು ತುಕ್ಕು ಹಿಡಿದು ಕಚ್ಚಿಕೊಳ್ಳುವುದುಂಟು. ಗೇರಿನಲ್ಲಿ ನಿಲ್ಲಿಸಿ ಚಕ್ರಗಳ ಹಿಂದೆ ಮುಂದೆ ಇಟ್ಟಿಗೆ ಕೊಟ್ಟರೆ ಸಾಕು. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರುವಂಥದ್ದು. ಆದ್ದರಿಂದ ಅರ್ಧ ಖಾಲಿಯಾದ ಟ್ಯಾಂಕಿಗಿಂತ ಬಹುಪಾಲು ತುಂಬಿದ ಟ್ಯಾಂಕು ಮೇಲು. ಕಾರ್ಬುರೇಟರ್ ಇರುವ ಹಳೆಯ ಸ್ಕೂಟರಾದರೆ ಪೆಟ್ರೋಲಿನ ನಲ್ಲಿ ಮುಚ್ಚಿ, ಇಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿಬಿಡಬೇಕು. ವಿಮೆಯ ಗಡುವನ್ನೂ ಹೊರಡುವ ಮುನ್ನವೇ ನೋಡಿಕೊಳ್ಳತಕ್ಕದ್ದು. ಗಡುವು ಮುಗಿದು 90 ದಿನ ಕಳೆದರೆ ವರ್ಷಗಳಿಂದ ಕೂಡಿಬಂದ ರಿಯಾಯಿತಿಯೂ ಕೈಬಿಡುತ್ತದೆ.

ವಾಹನಕ್ಕೆ ಪ್ಲಾಸ್ಟಿಕ್ ಟಾರ್ಪಾಲು ಹೊದಿಸುವ ಅಭ್ಯಾಸವೇ ಇಲ್ಲಿ ಹೆಚ್ಚು. ಅದರ ಮಡಿಕೆಗಳಲ್ಲಿ ಮಳೆನೀರು ನಿಲ್ಲುತ್ತದೆ. ಡೆಂಗೆ ಹರಡುವ ಈಡಿಸ್ ಸೊಳ್ಳೆಗೆ ಒಂದು ಬೊಗಸೆ ತಿಳಿನೀರು ಸಾಕು; ಮೊಟ್ಟೆ ಸೊಳ್ಳೆಯಾಗಲು ವಾರವೊಂದು, ಹತ್ತು ದಿನ ಸಾಕು. ನೀರು ಒಣಗಿದರೂ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿದ್ದು ಮುಂದಿನ ಮಳೆಗೆ ಒಡೆಯುತ್ತವೆ. ಮನೆಯವರು ನ್ಯೂಜೆರ್ಸಿಯಲ್ಲಿ ಮೊಮ್ಮಗುವನ್ನು ಆಡಿಸುತ್ತಿರುವಾಗ ಆ ಸೊಳ್ಳೆ ಹಗಲಿನಲ್ಲಿ ಕಚ್ಚುವುದು ಪಕ್ಕದ ಮನೆಯ ಮಗುವನ್ನು. ಗಾಳಿಯಾಡುವ ಬಟ್ಟೆಯ ಹೊದಿಕೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಮೂಲೆಯಲ್ಲಿ ಒರಗಿಸಿಟ್ಟ ಹಳೆಯ ಟೈರನ್ನು ಹೊರಡುವ ಮೊದಲೇ ವಿಲೇವಾರಿ ಮಾಡಬೇಕು.

ವಾರಕ್ಕೊಮ್ಮೆ ಐದು ನಿಮಿಷ ಇಂಜಿನ್ನು ಚಾಲೂ ಮಾಡಿರೆಂದು ನೆರೆಯವರಿಗೆ ಬೀಗದಕೈ ಕೊಟ್ಟು ಹೋಗುವುದುಂಟು. ಇದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಇಂಜಿನ್ನು ಸರಿಯಾಗಿ ಬಿಸಿಯಾಗದೆ ಹೊಗೆಕೊಳವೆಯಲ್ಲಿ ನೀರು ಕಟ್ಟುತ್ತದೆ. ಮುಚ್ಚಿದ ಷೆಡ್ಡಿನಲ್ಲಾದರೆ ಪ್ರಾಣಕ್ಕೇ ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಓಕರಿಕೆ, ತಲೆಸುತ್ತು ತೋರಿದೊಡನೆ ಹೊರಗೆ ಬರಬೇಕು; ಎಷ್ಟೋ ಸಲ ಬರುವಷ್ಟು ತ್ರಾಣವೇ ಉಳಿದಿರುವುದಿಲ್ಲ. ನೆರೆಯವರು ಬಲ್ಲವರಾದರೆ ಎರಡು ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ರಸ್ತೆಯಲ್ಲಿ ಓಡಿಸಲಿ. ಇಲ್ಲವಾದರೆ ಸುಮ್ಮನೆ ಬಿಡಲಿ.

ಇಲಿಗಳಿಗೆಂದು ಕಾರಿನೊಳಗೆ ನ್ಯಾಫ್ತಲೀನ್ ಗುಳಿಗೆ ಇಡುವುದೂ ಸಲ್ಲದು. ಅದರ ಆವಿಯಿಂದ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯುಳ್ಳ ಶಿಶುಗಳಲ್ಲಿ ರಕ್ತಕಣಗಳು ಒಡೆಯಬಲ್ಲವು. ತಿಂಡಿಯ ಚೂರುಗಳನ್ನು ಬಿಡದೆ ಗುಡಿಸುವುದೇ ಉತ್ತಮ.

ಮರಳಿ ಬಂದಾಗ ಬಾನೆಟ್ಟು ತೆರೆದು ನೋಡದೆ ಬೀಗದಕೈ ತಿರುಗಿಸಬಾರದು. ಇಲಿಯ ಹಿಕ್ಕೆ ಕಂಡರೆ ಕೈಗವಸು ತೊಟ್ಟು, ಬ್ಲೀಚಿಂಗ್ ನೀರಿನಿಂದ ನೆನೆಸಿ ಒರೆಸಬೇಕು. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ನೆರೆಯ ನೀರು ಹೊಕ್ಕ ಗುರುತಿದ್ದರೆ ಇಂಜಿನ್ನನ್ನು ಚಾಲೂ ಮಾಡಲೇಬಾರದು, ಎಳೆಯುವ ಗಾಡಿಯನ್ನೇ ಕರೆಸಬೇಕು. ಎಲ್ಲ ಸರಿಯಿದ್ದರೆ ಬೀದಿಯ ಕೊನೆಯವರೆಗೆ ಮೆಲ್ಲನೆ ಓಡಿಸಿ ಬ್ರೇಕನ್ನು ಪರೀಕ್ಷಿಸಬಹುದು. ಅದೂ ಬಂದ ದಿನವೇ ಬೇಡ. ಇಪ್ಪತ್ತು ಗಂಟೆಯ ವಿಮಾನಯಾನ ಮುಗಿಸಿ ಹಗಲು ರಾತ್ರಿಗಳು ಅದಲುಬದಲಾದವರು ಒಂದೆರಡು ರಾತ್ರಿ ನಿದ್ದೆ ಮಾಡಿ, ಆಮೇಲೆ ಚಕ್ರ ಹಿಡಿಯಲಿ.