ನಿಮಗಿದು ಗೊತ್ತೇ? ಗುಣಪಡಿಸುವವನೆಂದು ಸಾವಿರಾರು ಜನ ನಂಬಿದ ಬ್ರೂನೊ ಗ್ರೋನಿಂಗ್

● 1949ರಲ್ಲಿ ಪಶ್ಚಿಮ ಜರ್ಮನಿಯ ಪತ್ರಿಕೆಗಳು ಬೆನ್ನು ಬಿದ್ದ ಬ್ರೂನೊ ಗ್ರೋನಿಂಗ್‌ಗೆ ವೈದ್ಯ ವಿದ್ಯೆಯ ಗಂಧವೇ ಇರಲಿಲ್ಲ. 1906ರಲ್ಲಿ ಡಾನ್ಜಿಗ್‌ನಲ್ಲಿ (ಈಗ ಪೋಲೆಂಡಿನ ಗ್ದಾನ್ಸ್ಕ್) ಹುಟ್ಟಿದ ಆತ ಬಡಗಿ ಕೆಲಸ, ಕೂಲಿ ಕೆಲಸ ಮಾಡಿಕೊಂಡಿದ್ದವನು. ಯುದ್ಧಕ್ಕೂ ಹೋಗಿ, ಸೋವಿಯತ್ ಸೆರೆಯಿಂದ ಬಿಡುಗಡೆಯಾಗಿ ಬಂದಿದ್ದ.

● ಹೆಸರು ಹಬ್ಬಿದ್ದು ಹೆರ್ಫೋರ್ಡ್ ಊರಿನಿಂದ. ಸ್ನಾಯು ಸೊರಗುವ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಒಂಬತ್ತು ವರ್ಷದ ಹುಡುಗ ಗ್ರೋನಿಂಗ್ ಬಂದುಹೋದ ಮೇಲೆ ಎದ್ದು ನಡೆದನಂತೆ! ಆ ಸುದ್ದಿ ಹಬ್ಬಿದ್ದೇ ತಡ, ಹುಡುಗನ ಮನೆಯ ಮುಂದೆ ಜನ ಜಾತ್ರೆ ಸೇರಿತು. ಹುಡುಗನ ಚೇತರಿಕೆ ಬಹುಕಾಲ ಉಳಿಯಲಿಲ್ಲ ಎಂಬುದು ಅಷ್ಟು ದೂರ ಹಬ್ಬಲಿಲ್ಲ.

● ಸ್ಥಳೀಯ ಆಡಳಿತ ಅಲ್ಲಿ ಆತನ ಗುಣಪಡಿಸುವ ಕೆಲಸಕ್ಕೆ ನಿಷೇಧ ಹೇರಿದಾಗ ಗ್ರೋನಿಂಗ್ ದಕ್ಷಿಣಕ್ಕೆ ಹೋದ. ಬವೇರಿಯಾದ ರೋಸೆನ್‌ಹೈಮ್ ಬಳಿ ಟ್ರಾಬರ್‌ಹಾಫ್ ಎಂಬ ಕುದುರೆ ಸಾಕಣೆ ತಾಣವಿತ್ತು. ಆ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಅಲ್ಲಿ ಒಂದೇ ದಿನ 30,000 ಜನ ಸೇರಿದ್ದರೆಂದು ಹೇಳಲಾಗಿದೆ. ಊರುಗೋಲು ಹಿಡಿದವರು, ಗಾಲಿಕುರ್ಚಿಯಲ್ಲಿ ಬಂದವರು, ಕುರುಡರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಗಂಟೆಗಟ್ಟಲೆ ಕಾಯುತ್ತಿದ್ದರು. ಬಾಲ್ಕನಿಗೆ ಬಂದ ಗ್ರೋನಿಂಗ್ ಯಾರನ್ನೂ ಮುಟ್ಟಬೇಕಾಗಿರಲಿಲ್ಲ, ನಾಲ್ಕು ಮಾತು ಆಡಿದರೆ ಸಾಕಿತ್ತು. ಯುದ್ಧದಲ್ಲಿ ಸೋತು, ಮನೆಮಠ ಕಳೆದುಕೊಂಡು, ತಮ್ಮವರೇ ಮಾಡಿದ ಘೋರ ಕೃತ್ಯಗಳ ಬಗ್ಗೆ ಬಾಯಿ ಬಿಡಲಾಗದೆ ಕೂತಿದ್ದ ನಾಡದು. ಅಂಥ ಜನರನ್ನು ಮೂಢರೆಂದು ಜರಿಯಲು ನನಗೆ ಮನಸ್ಸಾಗುವುದಿಲ್ಲ.

● ಆತ ಹಂಚುತ್ತಿದ್ದುದು ಬೆಳ್ಳಿಯಂತೆ ಹೊಳೆಯುವ ತಗಡು ಕಾಗದದ ಪುಟ್ಟ ಉಂಡೆಗಳನ್ನು! ದೇವರ ಶಕ್ತಿ ಅದರ ಮೂಲಕ ಹರಿಯುತ್ತದೆ ಎಂಬ ನಂಬಿಕೆ. ಜನ ಅದನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ಕೂರುತ್ತಿದ್ದರು.

● ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಚಿಕಿತ್ಸಾಲಯದಲ್ಲಿ 'ರೆವ್ಯೂ' ಪತ್ರಿಕೆಯ ಮುತುವರ್ಜಿಯಿಂದ ಗ್ರೋನಿಂಗ್‌ನ ಪರೀಕ್ಷೆಯೂ ನಡೆದಿತ್ತು. ಪ್ರಸಿದ್ಧ ವೈದ್ಯ ವಿಕ್ಟರ್ ಫಾನ್ ವೈಝೆಕರ್ ಅದಕ್ಕೆ ಅವಕಾಶ ಕೊಟ್ಟಿದ್ದರು.

● ಇನ್ನು ನ್ಯಾಯಾಲಯದ ಕಥೆ. ಪರವಾನಗಿಯಿಲ್ಲದೆ ಚಿಕಿತ್ಸೆ ನೀಡುವುದು 1939ರ ಕಾಯ್ದೆಯಂತೆ ಅಪರಾಧ. ಆ ಆರೋಪದಿಂದ 1952ರಲ್ಲಿ ಗ್ರೋನಿಂಗ್ ಪಾರಾದ. ಎರಡನೆಯ ಮೊಕದ್ದಮೆ ಕರುಳು ಹಿಂಡುವಂಥದ್ದು. ಕ್ಷಯರೋಗದ ಹದಿಹರೆಯದ ಹುಡುಗಿಯನ್ನು ತಂದೆ 1949ರಲ್ಲಿ ಆತನ ಬಳಿಗೆ ಕರೆತಂದಿದ್ದರು. ಗ್ರೋನಿಂಗ್‌ನನ್ನು ನಂಬಿ ಆಕೆ ವೈದ್ಯರ ಚಿಕಿತ್ಸೆಯನ್ನು ಕೈಬಿಟ್ಟಳು. 1950ರ ಕೊನೆಯಲ್ಲಿ ತೀರಿಕೊಂಡಳು. ಕ್ಷಯದ ಮೇಲೆ ಪರಿಣಾಮ ಬೀರುವ ಸ್ಟ್ರೆಪ್ಟೊಮೈಸಿನ್ 1943ರಲ್ಲೇ ಪತ್ತೆಯಾಗಿತ್ತು! ಗ್ರೋನಿಂಗ್‌ನ ಇಡೀ ಕಥೆಯಲ್ಲಿ ನನಗೆ ಕ್ಷಮಿಸಲಾಗದ್ದು ಇದೊಂದೇ: ಪ್ರಾರ್ಥಿಸು ಎನ್ನುವುದು ಬೇರೆ, ವೈದ್ಯರ ಬಳಿ ಹೋಗಬೇಡ ಎನ್ನುವುದು ಬೇರೆ.

● ಈ ಎರಡನೆಯ ಮೊಕದ್ದಮೆಯಲ್ಲಿ, 1958ರ ಜನವರಿಯಲ್ಲಿ, ಮ್ಯೂನಿಕ್‌ನ ಮೇಲ್ಮನವಿ ನ್ಯಾಯಾಲಯ ಎಂಟು ತಿಂಗಳ ಅಮಾನತು ಸಜೆ, 5,000 ಮಾರ್ಕ್ ದಂಡ ವಿಧಿಸಿತು. ಮುಂದಿನ ಹಂತದ ತೀರ್ಪು ಬರುವ ಮುನ್ನವೇ, 1959ರ ಜನವರಿ 26ರಂದು, ಗ್ರೋನಿಂಗ್ ಪ್ಯಾರಿಸ್‌ನಲ್ಲಿ ಕ್ಯಾನ್ಸರ್‌ನಿಂದ ಸತ್ತ.

● ಸತ್ತ ಮೇಲೆ ಚಳವಳಿ ಇನ್ನಷ್ಟು ಬೆಳೆಯಿತು! ತಾನು ಆತನಿಂದ ಗುಣವಾದೆ ಎನ್ನುತ್ತಿದ್ದ ಗ್ರೆಟೆ ಹಾಯ್ಸ್‌ಲರ್ 1979ರಲ್ಲಿ 'ಬ್ರೂನೊ ಗ್ರೋನಿಂಗ್ ಗೆಳೆಯರ ಬಳಗ' ಕಟ್ಟಿದರು. ಇಂದು ಹಲವು ದೇಶಗಳಲ್ಲಿ ಅದರ ಗುಂಪುಗಳಿವೆ. ಸದಸ್ಯರು ಕೈಕಾಲು ಅಡ್ಡ ಹಾಕದೆ, ಅಂಗೈ ಮೇಲೆ ಮಾಡಿ ಕೂತು, ದೇವರ ಶಕ್ತಿಯ ಹರಿವೆಂದು ತಾವು ನಂಬುವ 'ಗುಣಧಾರೆ'ಗೆ ಮೈ ಒಡ್ಡುತ್ತಾರೆ. ಆಗ ನೋವು ಹೆಚ್ಚಾದರೆ? ದೇಹ ಶುದ್ಧವಾಗುತ್ತಿದೆ ಎಂಬುದೇ ಅವರ ವಿವರಣೆ. ನೋವೆಂದರೆ ದೇಹ ಕೊಡುವ ಎಚ್ಚರಿಕೆ, ಅದನ್ನೇ ಶುಭಸೂಚನೆ ಎಂದರೆ ರೋಗಿ ಯಾವಾಗ ಆಸ್ಪತ್ರೆಗೆ ಓಡಬೇಕು? ಚಿಕಿತ್ಸೆ ನಿಲ್ಲಿಸಬೇಡಿ ಎಂದು ಬಳಗ ಈಗ ಹೇಳುತ್ತದೆ. ಆ ಮಾತು ಪ್ರತಿ ಗುಂಪಿನಲ್ಲೂ ದೊಡ್ಡ ದನಿಯಲ್ಲಿ ಕೇಳಬೇಕು.

● ಕೈಯಿಟ್ಟು, ಪ್ರಾರ್ಥಿಸಿ ಗುಣಪಡಿಸುವವರಿಗೆ 1939ರ ಕಾಯ್ದೆಯ ಪರವಾನಗಿ ಬೇಕಿಲ್ಲ ಎಂದು ಜರ್ಮನಿಯ ಸಂವಿಧಾನ ನ್ಯಾಯಾಲಯ 2004ರಲ್ಲಿ ಹೇಳಿತು. ಆದರೆ ಇದು ವೈದ್ಯರ ಚಿಕಿತ್ಸೆಗೆ ಬದಲಿಯಲ್ಲ ಎಂಬುದನ್ನು ಬಂದವರಿಗೆ ಸ್ಪಷ್ಟವಾಗಿ ತಿಳಿಸಲೇಬೇಕು ಎಂದೂ ಸೇರಿಸಿತು.