ಮತಗಟ್ಟೆಯ ಹಿಂದಿನ ವ್ಯವಸ್ಥೆ: ಭಾರತದ ಮಹಾಚುನಾವಣೆ ನಡೆಯುವ ಬಗೆ

ನಾನು ವಾಸಿಸುವ ತಕಾನಿನಿ ದಕ್ಷಿಣ ಆಕ್ಲೆಂಡಿನ ಒಂದು ಬಡಾವಣೆ. 2020ರಿಂದ ಅದೇ ಹೆಸರಿನ ಸಂಸತ್ ಕ್ಷೇತ್ರವೂ ಇದೆ. ಇಲ್ಲಿನ ಮತಗಟ್ಟೆಯಲ್ಲಿ ಗುರುತಿನ ಚೀಟಿ ಕೇಳುವುದಿಲ್ಲ, ಬೆರಳಿಗೆ ಶಾಯಿ ಹಚ್ಚುವುದಿಲ್ಲ, ಬಾಗಿಲಲ್ಲಿ ಬಂದೂಕು ಹಿಡಿದ ಕಾವಲಿಲ್ಲ. ಒಬ್ಬನೇ ಎರಡು ಬಾರಿ ಮತ ಹಾಕಿದನೇ ಎಂಬುದನ್ನು ಮತದಾನದ ಅನಂತರ ಪಟ್ಟಿಗಳನ್ನು ಹೋಲಿಸಿ ಪತ್ತೆ ಹಚ್ಚುತ್ತಾರೆ. ಇದನ್ನು ಕಂಡ ಕನ್ನಡಿಗ ಮಿತ್ರರು, ‘ನಮ್ಮ ದೇಶದಲ್ಲೇಕೆ ಅಷ್ಟೊಂದು ಏರ್ಪಾಟು?’ ಎಂದು ಕೇಳುವುದುಂಟು. ಉತ್ತರ ಇತಿಹಾಸದಲ್ಲಿದೆ.

ಭಾರತದ ಚುನಾವಣಾ ಆಯೋಗ ಸ್ಥಾಪನೆಯಾದದ್ದು 1950ರ ಜನವರಿ 25ರಂದು, ಗಣರಾಜ್ಯೋತ್ಸವಕ್ಕಿಂತ ಒಂದು ದಿನ ಮೊದಲು. ಪ್ರಥಮ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರ ಮುಂದಿದ್ದ ಮತದಾರರು ಸುಮಾರು 17 ಕೋಟಿ. ಅವರಲ್ಲಿ ಬಹುಪಾಲು ಅನಕ್ಷರಸ್ಥರು. ಆದ್ದರಿಂದಲೇ ಪಕ್ಷಗಳಿಗೆ ಚಿಹ್ನೆಗಳು ಬಂದವು. ಆ ಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಪೆಟ್ಟಿಗೆ ಇರಿಸಲಾಯಿತು. ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಸ್ತ್ರೀಯರ ಹೆಸರುಗಳು ಪಟ್ಟಿಯಿಂದ ಬಿಟ್ಟುಹೋದವು. ಮತದ ಹಕ್ಕು ಕಾನೂನಿನಲ್ಲಿದ್ದರೆ ಸಾಲದು, ಪಟ್ಟಿಯಲ್ಲಿ ಹೆಸರೂ ಇರಬೇಕು ಎಂಬ ಪಾಠ ಅಂದೇ ದೊರೆಯಿತು.

ಸಂವಿಧಾನದ 324ನೆಯ ವಿಧಿ ಚುನಾವಣೆಯ ಮೇಲ್ವಿಚಾರಣೆ, ನಿರ್ದೇಶನ ಮತ್ತು ನಿಯಂತ್ರಣವನ್ನು ಆಯೋಗಕ್ಕೆ ವಹಿಸಿದೆ. ಆಯೋಗದ ಸ್ವಂತ ಸಿಬ್ಬಂದಿ ತೀರ ಕಡಿಮೆ. ಚುನಾವಣೆ ಘೋಷಣೆಯಾದೊಡನೆ ಜಿಲ್ಲಾಧಿಕಾರಿಯೇ ಜಿಲ್ಲಾ ಚುನಾವಣಾಧಿಕಾರಿ. ಶಾಲೆಯ ಮೇಷ್ಟರು, ಬ್ಯಾಂಕಿನ ನೌಕರರು ಮತಗಟ್ಟೆಯ ಅಧಿಕಾರಿಗಳು. ಆ ಅವಧಿಯಲ್ಲಿ ಇವರೆಲ್ಲರೂ ಆಯೋಗದ ಅಧೀನರು. 2024ರಲ್ಲಿ ಸುಮಾರು 97 ಕೋಟಿ ಮತದಾರರಿಗಾಗಿ ಹತ್ತೂವರೆ ಲಕ್ಷ ಮತಗಟ್ಟೆಗಳಿದ್ದವು. ಮತದಾನ ಏಪ್ರಿಲ್ 19ರಿಂದ ಜೂನ್ 1ರವರೆಗೆ ಏಳು ಹಂತಗಳಲ್ಲಿ ನಡೆಯಿತು. ಭದ್ರತಾ ಪಡೆಗಳನ್ನು ಒಂದು ಕಡೆಯಿಂದ ಮತ್ತೊಂದು ಕಡೆಗೆ ಸಾಗಿಸಬೇಕಾದುದು ಇದಕ್ಕೆ ಮುಖ್ಯ ಕಾರಣ.

ಈ ವ್ಯವಸ್ಥೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. 1962ರಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಬರುವುದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಆರಂಭವಾದ ಮೈಸೂರಿನ ಬಣ್ಣದ ಕಾರ್ಖಾನೆಯಿಂದ. ಮತಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್.

ಶಾಯಿ, ಯಂತ್ರಗಳಿಗಿಂತ ಮುಖ್ಯವಾದುದು ಪರಸ್ಪರ ತಪಾಸಣೆ. ಮತದಾನಕ್ಕೆ ಮುನ್ನ ಪಕ್ಷಗಳ ಏಜೆಂಟರ ಎದುರಿನಲ್ಲೇ ಅಣಕು ಮತದಾನ ನಡೆಯುತ್ತದೆ; ಮುಗಿದ ಮೇಲೆ ಚಲಾಯಿತ ಮತಗಳ ಲೆಕ್ಕವಿರುವ 17ಸಿ ನಮೂನೆಯ ಪ್ರತಿಯನ್ನು ಅವರಿಗೆ ಕೊಡಲಾಗುತ್ತದೆ. ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳಲ್ಲಿ ವಿವಿಪ್ಯಾಟ್ ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕದೊಡನೆ ತಾಳೆ ನೋಡಲಾಗುತ್ತದೆ.

ಆದರೆ ಕಾವಲುಗಾರನನ್ನು ನೇಮಿಸುವವರು ಯಾರು? 2023ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು, ಸಂಸತ್ತು ಕಾನೂನು ಮಾಡುವವರೆಗೆ ಪ್ರಧಾನಿ, ವಿರೋಧ ಪಕ್ಷದ ನಾಯಕ ಮತ್ತು ಮುಖ್ಯ ನ್ಯಾಯಮೂರ್ತಿಗಳ ಸಮಿತಿ ಆಯುಕ್ತರ ಹೆಸರು ಸೂಚಿಸಬೇಕೆಂದಿತು. ಅದೇ ವರ್ಷದ ಕಾನೂನು ಮುಖ್ಯ ನ್ಯಾಯಮೂರ್ತಿಯ ಸ್ಥಾನದಲ್ಲಿ ಪ್ರಧಾನಿ ಹೆಸರಿಸುವ ಸಚಿವರನ್ನು ಕೂರಿಸಿತು. ಮೂವರಲ್ಲಿ ಇಬ್ಬರು ಸರಕಾರದವರೇ ಆಗಿರುವುದು ನನ್ನ ದೃಷ್ಟಿಯಲ್ಲಿ ವ್ಯವಸ್ಥೆಯ ದುರ್ಬಲ ಕೊಂಡಿ.

ನಮಗೆ ನೇರವಾಗಿ ತಟ್ಟುವ ವಿಷಯ ಮತ್ತೊಂದಿದೆ. ಪರದೇಶದ ಪೌರತ್ವ ಪಡೆಯದ ಭಾರತೀಯರು 2011ರಿಂದ 6ಎ ನಮೂನೆಯ ಮೂಲಕ ತವರಿನ ಪಟ್ಟಿಗೆ ಸೇರಬಹುದು. ಮತ ಹಾಕಲು ಮಾತ್ರ ಪಾಸ್‌ಪೋರ್ಟ್ ಹಿಡಿದು ಅಲ್ಲಿನ ಮತಗಟ್ಟೆಗೇ ಹೋಗಬೇಕು. ನ್ಯೂಜಿಲೆಂಡ್ ಪೌರತ್ವ ಪಡೆದವರಿಗೆ ಆ ಹಕ್ಕು ಇಲ್ಲ. ಇತ್ತ ಈ ದೇಶ, ಇಲ್ಲಿ ಒಂದು ವರ್ಷ ನಿರಂತರವಾಗಿ ನೆಲೆಸಿದ ಕಾಯಂ ನಿವಾಸಿಗೆ ಪೌರತ್ವ ಕೇಳದೆಯೇ ಮತದ ಹಕ್ಕು ಕೊಡುತ್ತದೆ. ಅರ್ಹರು ಹೆಸರು ನೋಂದಾಯಿಸುವುದು ಕಡ್ಡಾಯ. ಓದುಗರು ಮೊದಲು ಇಲ್ಲಿನ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ನೋಡಿಕೊಳ್ಳಲಿ. ಎಷ್ಟು ಉತ್ತಮ ಆಯೋಗವಿದ್ದರೂ, ಪಟ್ಟಿಯಲ್ಲಿಲ್ಲದವನ ಮತವನ್ನು ಎಣಿಸಲಾರದು.